ನಿಲ್ಲಬಾರದ ಕೈ

ಜೂನ್ ೪

ಪಾಲಿಶ್ ಮೇಸ್ತ್ರಿಗಳಿಗೆ ನಮಸ್ಕಾರ.

ಅಮ್ಮ ಹೋಗಿ ಮೂರು ವರ್ಷವಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕೆಲಸದ ಮೇಲೆ ಬರೆಯುತ್ತಿದ್ದೇನೆ, ಬೇರೆ ಅರ್ಥ ಹುಡುಕಬೇಡಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಹೂಂ", "ಸರಿ" ಬಿಟ್ಟು ಮೂರನೆಯ ಮಾತಾಡಿದ್ದು ನನಗೆ ನೆನಪಿಲ್ಲ.

ನಾನೀಗ ಒಂದು ಮ್ಯೂಸಿಯಂನಲ್ಲಿದ್ದೇನೆ. ಕತ್ತಿ, ಕಿರೀಟಗಳದ್ದಲ್ಲ, ದಿನಬಳಕೆಯ ಸಾಮಾನುಗಳದ್ದು. ವಸ್ತುವಿನ ಪಕ್ಕದಲ್ಲಿ ಒಂದು ಚಿಕ್ಕ ಫಲಕ ಇರುತ್ತದಲ್ಲ, ಅದನ್ನು ಬರೆಯುವುದು ನನ್ನ ಕೆಲಸ. ಅಕ್ಟೋಬರ್‌ನಲ್ಲಿ ಹೊಸ ಪ್ರದರ್ಶನ. ಹೆಸರಿಗೆ ಫ್ರೆಂಚ್, ಬೇರು ಇನ್ನೆಲ್ಲೋ ಅನ್ನುವ ಸಾಮಾನುಗಳನ್ನೆಲ್ಲ ಒಂದೇ ಕೋಣೆಯಲ್ಲಿಡುತ್ತಿದ್ದೇವೆ. ಫ್ರೆಂಚ್ ಟೋಸ್ಟ್ ಅಂತ ತಿನ್ನುತ್ತೇವಲ್ಲ, ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹುರಿಯುವುದು ರೋಮನ್ನರ ಕಾಲದ ಅಡುಗೆ ಪುಸ್ತಕದಲ್ಲೇ ಇದೆ, ಆಗ ಫ್ರಾನ್ಸ್ ಅನ್ನುವ ದೇಶವೇ ಇರಲಿಲ್ಲ. ಫ್ರೆಂಚ್ ಬೀನ್ಸ್ ಹಡಗು ಹತ್ತಿದ್ದು ಅಮೆರಿಕಾ ಖಂಡದಿಂದ. ಫ್ರೆಂಚ್ ಹಾರ್ನ್ ಅನ್ನುವ ಕೊಂಬುವಾದ್ಯವನ್ನು ಈಗಿನ ರೂಪಕ್ಕೆ ತರಲು ಹೆಚ್ಚು ಬೆವರು ಸುರಿಸಿದವರು ಜರ್ಮನರು. ದರ್ಜಿಯ ಫ್ರೆಂಚ್ ಚಾಕ್ ಬರೀ ನುಣುಪು ಕಲ್ಲು, ನಾವು ಬಳಪ ಅನ್ನುವುದರ ದಾಯಾದಿ. ಇನ್ನು ಫ್ರೆಂಚ್ ನಾಟ್, ಅಮ್ಮ ನನ್ನ ಫ್ರಾಕುಗಳ ಅಂಚಿಗೆಲ್ಲ ಹಾಕುತ್ತಿದ್ದ ಆ ಗಂಟು: ಮೂರು ಗಂಟು, ಒಂದು ಬಿಡುವು, ಮತ್ತೆ ಮೂರು. ಹಳೆಯ ಚೀನೀ ಕಸೂತಿಯಲ್ಲೂ ಅಂಥದೇ ಗಂಟಿದೆ. ಮೊದಲು ಯಾರು ಹಾಕಿದರೋ ಹೇಳಲಾಗುವುದಿಲ್ಲ.

ಉಳಿದದ್ದು ಫ್ರೆಂಚ್ ಪಾಲಿಶ್. ಅದಕ್ಕೆ ನನ್ನ ಪೆನ್ಸಿಲ್ ಪೆಟ್ಟಿಗೆಯನ್ನೇ ಇಡೋಣ ಅಂತ ನಮ್ಮ ಮುಖ್ಯಸ್ಥೆ ಒಪ್ಪಿದ್ದಾರೆ. ನನ್ನ ತಂದೆ ತಾವೇ ಮಾಡಿ, ತಾವೇ ಪಾಲಿಶ್ ಹಚ್ಚಿಟ್ಟ ಪೆಟ್ಟಿಗೆ. ಅವರು ಹೋದಾಗ ನನಗೆ ಒಂದು ವರ್ಷ, ಅವರ ಕೈ ಹೇಗಿತ್ತು ಅಂತಲೂ ನನಗೆ ಗೊತ್ತಿಲ್ಲ. ನೀವು ಅಮ್ಮನನ್ನು ಮದುವೆಯಾಗುವುದಕ್ಕೆ ಎಷ್ಟೋ ಮೊದಲಿನಿಂದ ಅವರ ಗೆಳೆಯರು, ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಪಾಲಿಶ್ ಹೇಗೆ ಹಚ್ಚುತ್ತಾರೆ, ಅವರು ಹೇಗೆ ಹಚ್ಚಿದರು, ದಯವಿಟ್ಟು ಬರೆದು ಕಳಿಸಿ.

ಇಂತಿ,
ಫಲಕ ಬರೆಯುವವಳು

*

ಜೂನ್ ೧೫

ಫಲಕ ಬರೆಯುವವಳಿಗೆ ಪಾಲಿಶ್ ಹಚ್ಚುವವನ ಆಶೀರ್ವಾದ.

ನಿನ್ನ ಕಾಗದ ಬಂತು. ನಾಲ್ಕು ಸಲ ಓದಿದೆ. ಪಕ್ಕದ ಅಂಗಡಿಯ ಕುರ್ಚಿ ಹೆಣೆಯುವವನು "ಏನು ಮೇಸ್ತ್ರಿ, ಕೋರ್ಟ್ ನೋಟೀಸಾ?" ಅಂದ. "ಅಲ್ಲಯ್ಯ, ಗುಬ್ಬಿ ಬರೆದಿದ್ದಾಳೆ" ಅಂದೆ. ನಿನ್ನನ್ನು ಆ ಹೆಸರಿನಿಂದ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ, ಹಳೆ ಬಾಯಿ, ಜಾರಿಬಿಡುತ್ತದೆ. ನಾನು ಚೆನ್ನಾಗಿದ್ದೇನೆ. ಲೈಬ್ರರಿಯ ಹನ್ನೆರಡು ಕುರ್ಚಿ ಬಂದಿವೆ, ಓದುವವರು ತೂಕಡಿಸಿ ತೂಕಡಿಸಿ ಕುರ್ಚಿ ಕೈಗಳ ಬಣ್ಣವೆಲ್ಲ ಎದ್ದುಹೋಗಿದೆ.

ನಿನ್ನ ಫ್ರೆಂಚ್ ಪುರಾಣ ಓದಿ ನಗು ಬಂತು. ಹೆಸರು ಗಂಗಾಭವಾನಿ, ಕುಡಿಯೋಕೆ ತೊಟ್ಟು ನೀರಿಲ್ಲ ಅಂದ ಹಾಗಾಯಿತು. ನಲವತ್ತು ವರ್ಷದಿಂದ ಫ್ರೆಂಚ್ ಪಾಲಿಶ್ ಮಾಡುತ್ತಿದ್ದೇನೆ, ಒಬ್ಬ ಫ್ರೆಂಚನ ಮುಖ ನೋಡಿದವನಲ್ಲ. ಆ ಹೊಳಪು ಬರುವುದು ಅರಗಿನಿಂದ. ಏಷ್ಯಾದ ಕಾಡುಗಳಲ್ಲಿ ಮರದ ಕೊಂಬೆಗೆ ಕಚ್ಚಿಕೊಂಡಿರುವ ಒಂದು ಪುಟ್ಟ ಹುಳ ಅದನ್ನು ಸುರಿಸುತ್ತದೆ. ಹಚ್ಚುವ ಕ್ರಮ ಬೇಕಾದರೆ ಫ್ರೆಂಚರದೇ ಇರಲಿ, ಆ ಹುಳದ ಹೆಸರನ್ನಂತೂ ಯಾರೂ ಇದಕ್ಕೆ ಇಡಲಿಲ್ಲ. ಪಾಪ, ಅದೇನು ಕೇಳಿಕೊಂಡು ಬರುತ್ತದೆಯೇ?

ಕ್ರಮ ಬರೆದುಕೋ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಬೇಕು. ಹತ್ತಿಯ ಉಂಡೆಗೆ ಬಟ್ಟೆ ಸುತ್ತಬೇಕು. ಹೊಸ ಬಟ್ಟೆ ಆಗದು, ನೂರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ಹೊಸದು ಎಳೆ ಬಿಡುತ್ತದೆ. ಉಂಡೆಗೆ ಅರಗು ಕುಡಿಸಿ, ಹನಿ ಎಣ್ಣೆ ಮುಟ್ಟಿಸಿ, ಇಂಗ್ಲಿಷ್ ಎಂಟರ ಹಾಗೆ ಕೈ ಆಡಿಸುತ್ತ ಹೋಗಬೇಕು. ಒಂದು ಪದರ, ಎರಡು ಪದರ ಅಲ್ಲ, ಐವತ್ತು, ಅರವತ್ತು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಕೈ ನಿಲ್ಲಬಾರದು. ಬಾಗಿಲು ಬಡಿಯಲಿ, ಹಾಲು ಉಕ್ಕಲಿ, ಉಂಡೆ ಮರದ ಮೇಲಿರುವಾಗ ಕೈ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಬಟ್ಟೆಯ ಅಚ್ಚು ಹಾಗೇ ಕೂರುತ್ತದೆ. ನಿಲ್ಲಿಸಬೇಕಾದರೆ ಮೊದಲು ಉಂಡೆಯನ್ನು ಜಾರಿಸಿ ಎತ್ತಬೇಕು. ಇದಿಷ್ಟೇ ವಿದ್ಯೆ.

ಪೆಟ್ಟಿಗೆಯ ವಿಷಯ. ನಿನ್ನಪ್ಪ ದೊಡ್ಡ ಕೆಲಸಗಾರ. ಮೊಳೆ ಹೊಡೆಯುವುದೆಂದರೆ ಅವನಿಗೆ ಬೈದ ಹಾಗೆ, ಮರಕ್ಕೆ ಮರ ಕಚ್ಚಿಸಿಯೇ ಎಲ್ಲ ಜೋಡಣೆ. ಆದರೆ ಮ್ಯೂಸಿಯಂ ದೀಪದ ಕಾವಿಗೆ ಅರಗು ಬಾಡುತ್ತದೆ. ಅದನ್ನು ಮನೆಯಲ್ಲೇ ಇಟ್ಟುಕೋ. ನಾನು ಒಂದು ಮರದ ತಟ್ಟೆಯನ್ನು ಪಾಲಿಶ್ ಮಾಡಿ ಕಳಿಸುತ್ತೇನೆ, ಅದನ್ನಿಡು.

ಹೊಟ್ಟೆ ತುಂಬ ತಿನ್ನು. ನಿನ್ನ ಅಕ್ಷರ ತೆಳ್ಳಗಾಗಿದೆ.

ಪಾಲಿಶ್‌ನವನು

*

ಜುಲೈ ೨

ನಮಸ್ಕಾರ.

ಪಾಲಿಶ್ ಬಗ್ಗೆ ಬರೆದದ್ದಕ್ಕೆ ಥ್ಯಾಂಕ್ಸ್. ತಟ್ಟೆ ಬೇಡ.

ನಮ್ಮ ದೀಪಗಳು ಕಾಯುವುದಿಲ್ಲ, ಕೇಳಿ ತಿಳಿದುಕೊಂಡಿದ್ದೇನೆ. ನಿಜ ಹೇಳಲೇ? ಆ ಪೆಟ್ಟಿಗೆ ಕಂಡರೆ ನಿಮಗೆ ಮೊದಲಿಂದಲೂ ಆಗುವುದಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ಅದು ನನ್ನ ಕೈಜಾರಿ ಬಿದ್ದು ಮುಚ್ಚಳಕ್ಕೆ ಗೀರಾಯಿತು. ಶಾಲೆಯಿಂದ ಬಂದು ನೋಡುತ್ತೇನೆ, ನೀವು ಅದನ್ನು ತೊಡೆಯ ಮೇಲಿಟ್ಟುಕೊಂಡು ಮರ ಉಜ್ಜುವ ಉಪ್ಪುಕಾಗದ ಹಿಡಿದು ಕೂತಿದ್ದೀರಿ. ನಾನು ಕೂಗಾಡಿದ್ದು ನಿಮಗೂ ನೆನಪಿರಬೇಕು. "ನಮ್ಮಪ್ಪನ ಕೆಲಸ ಅಳಿಸಬೇಡಿ. ನೀವು ನಮ್ಮಪ್ಪ ಅಲ್ಲ" ಅಂದೆ. ನೀವು ಪೆಟ್ಟಿಗೆ ಕೆಳಗಿಟ್ಟು, ಉಪ್ಪುಕಾಗದ ಜೇಬಿಗೆ ಹಾಕಿಕೊಂಡು ಹೊರಗೆ ಹೋದಿರಿ. ಅವತ್ತಿನಿಂದ ನಿಮ್ಮನ್ನು ಏನಂತ ಕರೆಯಬೇಕೋ ತಿಳಿಯದೆ ಏನಂತಲೂ ಕರೆಯಲಿಲ್ಲ. ಹದಿನೇಳು ವರ್ಷವಾಯಿತು. ಅಂದದ್ದು ತಪ್ಪಿರಬಹುದು, ಆದರೆ ಹೊಟ್ಟೆಯಲ್ಲಿ ಇದ್ದದ್ದೇ ಬಂತು.

ಒಂದು ವರ್ಷದ ಮಗುವನ್ನು ಬಿಟ್ಟುಹೋದ ತಂದೆಯಿಂದ ನನಗೆ ಬಂದಿರುವುದು ಆ ಪೆಟ್ಟಿಗೆಯೊಂದೇ. ಒಂದು ಫೋಟೋ ಕೂಡ ಸರಿಯಾಗಿಲ್ಲ, ಮದುವೆ ಗುಂಪಿನ ಮೂರನೇ ಸಾಲಿನಲ್ಲಿ ಅರ್ಧ ಮುಖ. ಫಲಕದ ಮೇಲೆ ಅವರ ಕೆಲಸಕ್ಕೆ ಅವರದೇ ಗುರುತು ಸಿಗಲಿ ಅನ್ನುವುದು ನನ್ನ ಆಸೆ. ಇದರಲ್ಲಿ ನಿಮಗೆ ಕಷ್ಟ ಏನು?

ಮನೆಯ ವಸ್ತು ಪ್ರದರ್ಶನಕ್ಕಿಡಬೇಕಾದರೆ ಅದನ್ನು ಬಲ್ಲವರೊಬ್ಬರು ಫಾರ್ಮ್ ತುಂಬಿ ಸಹಿ ಹಾಕಬೇಕು. ಎರಡೇ ಕಡೆ ತುಂಬುವುದು: "ಮಾಡಿದವರು", "ಪಾಲಿಶ್ ಹಚ್ಚಿದವರು". ಎರಡರಲ್ಲೂ "ಇವಳ ತಂದೆ" ಅಂತ ಬರೆದು ಕಳಿಸಿ. ಬದುಕಿರುವವರಲ್ಲಿ ಬಲ್ಲವರು ನೀವೊಬ್ಬರೇ, ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

ಇಂತಿ,
ಫಲಕ ಬರೆಯುವವಳು

*

ಜುಲೈ ೨೦

ಗುಬ್ಬಿಗೆ,

ಫಾರ್ಮ್ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. "ಮಾಡಿದವರು" ಅನ್ನುವಲ್ಲಿ ನಿನ್ನಪ್ಪನನ್ನೇ ಬರೆದಿದ್ದೇನೆ. ಎರಡನೆಯದನ್ನು ಖಾಲಿ ಬಿಟ್ಟಿದ್ದೇನೆ, ನೀನೇ ತುಂಬಿಕೋ. ನೀನು ಏನು ಬರೆದರೂ ನನ್ನ ತಕರಾರಿಲ್ಲ, ಕೆಳಗೆ ಸಹಿ ಇದೆಯಲ್ಲ.

ಹನ್ನೆರಡು ವರ್ಷದ ಹುಡುಗಿ ಅಂದದ್ದನ್ನು ಯಾರಾದರೂ ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರಾ? ಅದನ್ನು ಬಿಡು.

ಕುರ್ಚಿಗಳಲ್ಲಿ ಎಂಟು ಮುಗಿದವು.

ಪಾಲಿಶ್‌ನವನು

*

ಆಗಸ್ಟ್ ೧೧

ಮೇಸ್ತ್ರಿಗಳೇ,

ನಿನ್ನೆ ಪೆಟ್ಟಿಗೆಯನ್ನು ನಮ್ಮ ದುರಸ್ತಿ ಕೋಣೆಗೆ ಕೊಟ್ಟಿದ್ದೆ. ಪ್ರದರ್ಶನಕ್ಕೆ ಮೊದಲು ಪ್ರತಿ ವಸ್ತುವನ್ನೂ ಅಲ್ಲಿ ಪರೀಕ್ಷೆ ಮಾಡುತ್ತಾರೆ. ಅಲ್ಲಿರುವ ಅಕ್ಕ ಮರಗೆಲಸದಲ್ಲಿ ಪಳಗಿದವರು, ನಿಮ್ಮ ಹಾಗೇ ಮಾತಿಗಿಂತ ಮುಂಚೆ ಮೂಸಿ ನೋಡುವವರು. ಕಿಟಕಿ ಮುಚ್ಚಿ, ಟಾರ್ಚನ್ನು ಮುಚ್ಚಳದ ಒಳಮೈಗೆ ಓರೆಯಾಗಿ ಹಿಡಿದು ನನ್ನನ್ನು ಕರೆದರು.

"ಇಲ್ನೋಡು, ಹಚ್ಚುವಾಗ ಒಂದು ಕಡೆ ಕೈ ನಿಂತುಬಿಟ್ಟಿದೆ" ಅಂದರು. "ಇಷ್ಟು ಚೆನ್ನಾಗಿ ಕೆಲಸ ಬಲ್ಲವನು ಇಲ್ಯಾಕೆ ನಿಲ್ಲಿಸಿದನೋ! ತಿದ್ದಲೂ ಇಲ್ಲ ನೋಡು ಪುಣ್ಯಾತ್ಮ."

ಆ ಕಲೆ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅದು ಅಪ್ಪನ ಬೆರಳಿನ ಗುರುತು ಅಂದುಕೊಂಡಿದ್ದೆ. ಪರೀಕ್ಷೆಯ ದಿನ ಅದರ ಮೇಲೆ ಬೆರಳಿಟ್ಟು ಹೋಗುತ್ತಿದ್ದೆ, ಯಾರಿಗೂ ಹೇಳಿದ್ದಿಲ್ಲ. ಟಾರ್ಚಿನ ಬೆಳಕಲ್ಲಿ ಅದು ಬೆರಳಾಗಿರಲಿಲ್ಲ. ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಅದರ ಅಂಚಿನಲ್ಲಿ ಸಾಸಿವೆ ಒತ್ತಿದ ಹಾಗೆ ಮೂರು ಗುಳಿ, ಒಂದು ಬಿಡುವು, ಮತ್ತೆ ಮೂರು ಗುಳಿ.

ನಾನು ಟಾರ್ಚನ್ನು ಇಸಿದುಕೊಂಡು ಮತ್ತೆ ಎಣಿಸಿದೆ. ಅದು ಅಮ್ಮ ಹಾಕುತ್ತಿದ್ದ ಗಂಟು. ಅಷ್ಟು ದೊಡ್ಡ ಗಂಟು ಇದ್ದದ್ದು ನನ್ನ ಹಳದಿ ಫ್ರಾಕಿನಲ್ಲಿ ಮಾತ್ರ, ಅದನ್ನು ಹಾಕಿಕೊಂಡ ಫೋಟೋ ನನ್ನ ಮೇಜಿನ ಮೇಲೇ ಇದೆ. ಅದರ ಹಿಂಬದಿಯಲ್ಲಿ ಅಮ್ಮ ಬರೆದಿದ್ದಾಳೆ, "ಗುಬ್ಬಿ, ನಾಲ್ಕು ವರ್ಷ". ನನ್ನ ತಂದೆ ಹೋದಾಗ ನನಗೆ ಒಂದು ವರ್ಷ. ಹೋದವರು ಮೂರು ವರ್ಷ ಬಿಟ್ಟು ಬಂದು ಪಾಲಿಶ್ ಹಚ್ಚುವುದಿಲ್ಲ.

ಎಲ್ಲರೂ ಒಪ್ಪಿಕೊಂಡ ಹೆಸರನ್ನು ಕೆದಕಿ ಬೇರು ಹುಡುಕುವುದೇ ನನಗೆ ಸಂಬಳ ಕೊಡಿಸುವ ಕೆಲಸ. ನನ್ನ ಮನೆಯ ಪೆಟ್ಟಿಗೆಯನ್ನು ಮಾತ್ರ ಒಂದು ದಿನವೂ ಕೆದಕಲಿಲ್ಲ.

ಯಾರು ಹಚ್ಚಿದ್ದು? ಅಮ್ಮ ಯಾಕೆ ಹಾಗೆ ಹೇಳಿದಳು? ಆ ಪೆಟ್ಟಿಗೆಯಲ್ಲಿ ನನ್ನ ತಂದೆಯದು ಅಂತ ಏನಾದರೂ ಇದೆಯಾ, ಅಥವಾ ಅದೂ ಕಥೆಯಾ? ನನಗೆ ಭಯವಾಗುತ್ತಿದೆ. ನಿಜವನ್ನೇ ಬರೆಯಿರಿ.

ಗುಬ್ಬಿ

*

ಆಗಸ್ಟ್ ೨೯

ಹದಿನೆಂಟು ದಿನವಾಯಿತು. ಫೋನಿಗೂ ಸಿಗುತ್ತಿಲ್ಲ. ಕುರ್ಚಿ ಹೆಣೆಯುವವರಿಗೆ ಮಾಡಿದೆ, "ಇದಾರಮ್ಮ, ಗಟ್ಟಿಯಾಗೇ ಇದಾರೆ. ದಿನಾ ಕಾಗದ ಬರೆಯೋದು, ಹರಿಯೋದು, ಇಷ್ಟೇ ಕೆಲಸ" ಅಂದರು.

ಹರಿಯಬೇಡಿ. ಬೈದಾದರೂ ಬರೆದು ಕಳಿಸಿ. ಫಾರ್ಮಿನ ಎರಡನೇ ಜಾಗ ಇನ್ನೂ ಖಾಲಿ ಇದೆ.

ಗುಬ್ಬಿ

*

ಸೆಪ್ಟೆಂಬರ್ ೬

ಗುಬ್ಬಿ,

ಮರ ಆದರೆ ಉಜ್ಜಿ ಮತ್ತೆ ಹಚ್ಚಬಹುದು. ಬರೆಯುವುದು ನನಗೆ ಬಾರದ ವಿದ್ಯೆ. ಈ ಸಲ ಬರೆದದ್ದನ್ನು ಓದದೆ ಹಾಗೇ ಕವರಿಗೆ ಹಾಕುತ್ತೇನೆ.

ನಿನ್ನಪ್ಪನೂ ನಾನೂ ಹನ್ನೊಂದು ವರ್ಷ ಒಂದೇ ಶೆಡ್ಡಿನಲ್ಲಿ ಇದ್ದೆವು. ಅವನು ಜೋಡಿಸಿ ನನ್ನ ಕಡೆ ತಳ್ಳುತ್ತಿದ್ದ, ನಾನು ಹೊಳಪು ಹಚ್ಚಿ ಕಳಿಸುತ್ತಿದ್ದೆ. ನೀನು ಹುಟ್ಟಿದ ಮೇಲೆ ಅವನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಪೆಟ್ಟಿಗೆಗೆ ಕೂತ. "ಯಾಕಯ್ಯ ಇಷ್ಟು ಅವಸರ? ಮಗುಗೆ ಇನ್ನೂ ಹಲ್ಲೇ ಬಂದಿಲ್ಲ, ಪೆನ್ಸಿಲ್ ಪೆಟ್ಟಿಗೆ ಅಂತೀಯ" ಅಂತ ಗೇಲಿ ಮಾಡಿದೆ. "ನನ್ನ ಮಗಳು ಓದ್ತಾಳೆ ಕಣೋ, ನೀನು ಪಾಲಿಶ್ ರೆಡಿ ಇಟ್ಕೋ" ಅಂದ. ಜೋಡಿಸಿ ಮುಗಿಸಿದ ವಾರವೇ ಜ್ವರ ಬಂತು. ಎಂಟು ದಿನದಲ್ಲಿ ಹೋಗಿಬಿಟ್ಟ. ಪೆಟ್ಟಿಗೆ ನನ್ನ ಕಪಾಟಿನಲ್ಲಿ ಪಾಲಿಶ್ ಕಾಣದ ಬಿಳೀ ಮರವಾಗೇ ಉಳಿಯಿತು. ಅದನ್ನು ಮುಟ್ಟಲು ನನಗೆ ನಾಲ್ಕು ವರ್ಷ ಧೈರ್ಯ ಬರಲಿಲ್ಲ.

ನಿನ್ನಮ್ಮನನ್ನು ಮದುವೆಯಾದಾಗ ನಿನಗೆ ನಾಲ್ಕು. ನನ್ನನ್ನು "ಮಾಮ" ಅನ್ನುತ್ತಿದ್ದೆ, ಅದೂ ಚಾಕಲೇಟು ಕಂಡಾಗ. ಮುಂದಿನ ವರ್ಷ ನಿನ್ನನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಪೆಟ್ಟಿಗೆ ತೆಗೆದೆ. ಮೆತ್ತನೆ ಬಟ್ಟೆ ಬೇಕು ಅಂದಾಗ ನಿನ್ನಮ್ಮ ನಿನಗೆ ಗಿಡ್ಡವಾಗಿದ್ದ ಹಳದಿ ಫ್ರಾಕು ಕೊಟ್ಟಳು. ಗಂಟಿರುವ ಅಂಚನ್ನು ಕತ್ತರಿಸಿ ತೆಗೆಯಬೇಕಿತ್ತು. ಅವಳು ರಾತ್ರಿಯೆಲ್ಲ ಕೂತು ಹಾಕಿದ ಗಂಟು, ಕತ್ತರಿಸಲು ಮನಸ್ಸು ಬಾರದೆ ಒಳಗೆ ಮಡಿಚಿದೆ. ಕೆಲಸ ಕಲಿತವನು ಮಾಡುವ ಕೆಲಸವಲ್ಲ ಅದು.

ಹೊರಮೈ ಎಲ್ಲ ಮುಗಿದು ಮುಚ್ಚಳದ ಒಳಮೈಗೆ ಬಂದಿದ್ದೆ. ಮಧ್ಯಾಹ್ನ ಒಂದು ಗಂಟೆ ಇರಬೇಕು. ನಿನ್ನಮ್ಮ ನಿನ್ನನ್ನು ಊಟಕ್ಕೆ ಕರೆಯಲು ಕಳಿಸಿದ್ದಳು. ನೀನು ಶೆಡ್ಡಿನ ಬಾಗಿಲಲ್ಲಿ ನಿಂತು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ, "ಅಪ್ಪಾ, ಊಟಕ್ಕೆ ಬಾ" ಅಂದೆ.

ಹಿಂದೆ ತಿರುಗಿ ನೋಡಿದೆ, ಇನ್ಯಾರನ್ನಾದರೂ ಕರೆದೆಯಾ ಅಂತ. ಅಲ್ಲಿ ನಾನೊಬ್ಬನೇ ಇದ್ದೆ.

ನನ್ನ ಕೈ ನಿಂತಿತು. ನಲವತ್ತು ವರ್ಷದಲ್ಲಿ ಅದೊಂದೇ ಸಲ. ಉಂಡೆ ಅಲ್ಲೇ ಕೂತು, ಮಡಿಕೆ ಸರಿದು, ಗಂಟು ಕಚ್ಚಿಕೊಂಡಿತು. ಆಮೇಲೆ ತಿದ್ದಬಹುದಿತ್ತು, ಅರ್ಧ ಗಂಟೆಯ ಕೆಲಸ. ನಾನು ತಿದ್ದಲಿಲ್ಲ.

ಪೆಟ್ಟಿಗೆ ಕೈಗೆ ಕೊಟ್ಟಾಗ "ನಿಮ್ಮಪ್ಪ ನಿನಗೇ ಅಂತ ಮಾಡಿಟ್ಟದ್ದು" ಅಂದಳು ನಿನ್ನಮ್ಮ. ಸುಳ್ಳೇನಲ್ಲ. ನೀನು ಅದರಲ್ಲಿ ಮುಖ ನೋಡಿಕೊಂಡು "ಹೊಳಪು ಹಾಕಿದ್ದೂ ಆ ಅಪ್ಪನೇನಾ?" ಅಂದೆ. ಅವಳು ನನ್ನ ಕಡೆ ನೋಡಿದಳು. ನಾನೇ "ಹೂಂ, ಅವನೇ" ಅಂದೆ. ಹೋದವನಿಗೆ ಮಗಳ ಹತ್ತಿರ ಇರುವುದು ಅದೊಂದೇ ಜಾಗ, ಅದರಲ್ಲೂ ಪಾಲು ಕೇಳಲೇ ನಾನು? ನಿನ್ನಮ್ಮನ ಮೇಲೆ ಸಿಟ್ಟು ಮಾಡಬೇಡ, ಆ ಮಾತು ನನ್ನದು. ಹನ್ನೆರಡನೇ ವರ್ಷದಲ್ಲಿ ನೀನು ಕೂಗಾಡಿದಾಗ ನಿಜ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಬಹಳ ಬೇಜಾರಾಯಿತು, ಗುಬ್ಬಿ. ಇವತ್ತಿಗೂ ಇದೆ.

ಈಗ ನಿನ್ನ ಭಯದ ವಿಷಯ. ಮರವೆಲ್ಲ ಅವನದು, ಪ್ರತಿ ಮೂಲೆ ಅವನದು. ಇನ್ನೊಂದಿದೆ. ಪೆಟ್ಟಿಗೆಯೊಳಗೆ ತಳಕ್ಕೆ ಹಸಿರು ಬಟ್ಟೆ ಅಂಟಿಸಿದ್ದೇನಲ್ಲ, ಅದರ ಕೆಳಗೆ ನಾನು ಪಾಲಿಶ್ ಹಚ್ಚಿಲ್ಲ. ನಿನ್ನ ದುರಸ್ತಿಯ ಅಕ್ಕನಿಗೆ ಹೇಳು, ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟರೆ ಅಂಟು ಬಿಡುತ್ತದೆ. ಬಿಚ್ಚಿ ನೋಡು.

ಫಾರ್ಮಿನ ಜಾಗ ಖಾಲಿಯೇ ಇದ್ದರೂ ನನಗೆ ಬೇಜಾರಿಲ್ಲ. ಈ ಮಾತು ಮಾತ್ರ ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ.

ಪಾಲಿಶ್‌ನವನು

*

ಸೆಪ್ಟೆಂಬರ್ ೨೪

ಅಪ್ಪಾ,

ಬಿಚ್ಚಿದೆವು. ಅಕ್ಕ ಒಂದು ಗಂಟೆ ತೆಗೆದುಕೊಂಡರು, ನಾನು ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಹಸಿರು ಬಟ್ಟೆಯ ಕೆಳಗೆ ಬಿಳೀ ಮರ, ಅದರ ಮೇಲೆ ಬಡಗಿಯ ದಪ್ಪ ಪೆನ್ಸಿಲ್ಲಿನಲ್ಲಿ ಎಳೆದ ಒಂದು ಪುಟ್ಟ ಕೈ. ಐದು ಬೆರಳು, ಹೆಬ್ಬೆರಳಿನ ಹತ್ತಿರ ಗೆರೆ ಅಲ್ಲಾಡಿದೆ, ನಾನು ಕೈ ಕೊಸರಿಕೊಂಡಿರಬೇಕು. ಪಕ್ಕದಲ್ಲಿ ಓರೆ ಅಕ್ಷರದಲ್ಲಿ "ಹನ್ನೊಂದು ತಿಂಗಳು. ಪಾಲಿಶ್ ನನ್ನ ಗೆಳೆಯನೇ ಹಚ್ಚಬೇಕು" ಅಂತಿದೆ.

ನೀನು ಅದನ್ನು ಓದಿ, ಮೇಲೆ ಬಟ್ಟೆ ಅಂಟಿಸಿ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಲ್ಲ! ಅವರ ಕೈಬರಹ ಒಂದು ಸಾಲು ನನಗೆ ಸಿಕ್ಕಿತು. ಅದೂ ನಿನ್ನ ಬಗ್ಗೆ. ಅಕ್ಕನ ಮುಂದೆಯೇ ಜೋರಾಗಿ ಅತ್ತುಬಿಟ್ಟೆ.

ಫಾರ್ಮಿನ ಎರಡನೇ ಜಾಗ ತುಂಬಿದ್ದೇನೆ. ಫಲಕವನ್ನೂ ಹೊಸದಾಗಿ ಬರೆದೆ. ಐವತ್ತು ಪದದ ಮಿತಿ ಮೀರಿದೆ, ನಮ್ಮ ಮುಖ್ಯಸ್ಥೆ ಓದಿ ಕನ್ನಡಕ ತೆಗೆದು ಒರೆಸಿಕೊಂಡರು, ಒಂದು ಪದವನ್ನೂ ಕಡಿಯಲಿಲ್ಲ. ಹೀಗಿದೆ:

"ಪೆನ್ಸಿಲ್ ಪೆಟ್ಟಿಗೆ. ಇದರ ಹೊಳಪನ್ನು ಫ್ರೆಂಚ್ ಪಾಲಿಶ್ ಅನ್ನುತ್ತಾರೆ. ಹೊಳೆಯುತ್ತಿರುವ ಅರಗು ಏಷ್ಯಾದ ಕಾಡಿನ ಒಂದು ಹುಳದ್ದು. ಮರ ಜೋಡಿಸಿದವರು ಒಬ್ಬ ಬಡಗಿ, ತಮ್ಮ ಮಗಳಿಗಾಗಿ. ನಾಲ್ಕು ವರ್ಷದ ನಂತರ ಪಾಲಿಶ್ ಹಚ್ಚಿದವರು ಅವರ ಗೆಳೆಯ, ಅದೇ ಮಗಳಿಗಾಗಿ. ಹಚ್ಚಿದ ಬಟ್ಟೆ ಆ ಮಗುವಿನ ಫ್ರಾಕು, ಅದರ ಗಂಟು ಹಾಕಿದ್ದು ತಾಯಿ. ಮುಚ್ಚಳದ ಒಳಗಿನ ಕಲೆಯನ್ನು ಗಮನಿಸಿ: ಈ ಕೆಲಸದಲ್ಲಿ ಕೈ ನಿಲ್ಲಬಾರದು. ಮಗು ಮೊದಲ ಸಲ ಅಪ್ಪ ಎಂದು ಕರೆದಾಗ ನಿಂತಿತು."

ಆ ಕಲೆಯನ್ನು ನಾನು ಅಪ್ಪನ ಗುರುತು ಅಂದುಕೊಂಡಿದ್ದೆ ಅಂತ ಬರೆದಿದ್ದೆನಲ್ಲ. ತಪ್ಪು ತಿಳಿದಿರಲಿಲ್ಲ. ಹದಿನೇಳು ವರ್ಷ ಹಾಗೆ ಕರೆಯದೆ ಉಳಿದದ್ದಕ್ಕೆ ಕ್ಷಮಿಸು ಅಂತ ಬರೆಯಲು ಹೊರಟೆ, "ಅದನ್ನು ಬಿಡು" ಅನ್ನುತ್ತೀಯ ಅಂತ ಗೊತ್ತು. ಆದರೂ ಕ್ಷಮಿಸು.

ಅಕ್ಟೋಬರ್ ಎಂಟರಂದು ಮಧ್ಯಾಹ್ನ ಪ್ರದರ್ಶನ ತೆರೆಯುತ್ತದೆ. ಬೆಳಗಿನ ಬಸ್ಸಿಗೆ ಹೊರಟರೆ ಸರಿಯಾಗಿ ಒಂದು ಗಂಟೆಗೆ ಇಲ್ಲಿರುತ್ತೀಯ. ಕುರ್ಚಿ ಕೆಲಸ ಇದೆ ಅನ್ನಬೇಡ, ಉಂಡೆಯನ್ನು ಜಾರಿಸಿ ಎತ್ತಿಟ್ಟು ಹೊರಡು. ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಈ ಸಲ ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು.

ಅಪ್ಪಾ, ಊಟಕ್ಕೆ ಬಾ.

ನಿನ್ನ
ಗುಬ್ಬಿ